ಇತರೆ

ಚಿಕ್ಕಪೇಟೆಯಿಂದ ನಾಲ್ಕು ಬುಟ್ಟಿ ತಂದೆ,
ಮುಚ್ಚಳವಿರುವಂಥವು, ಚೌಕಾಸಿ ಮಾಡಿ.
ಮಾರ್ಕರಿನಲ್ಲಿ ಬರೆದೆ: ಗಾಡಿ. ಪ್ರಾಣಿ. ಅಡುಗೆ ಸೆಟ್ಟು.
ನಾಲ್ಕನೆಯದಕ್ಕೆ ಹೆಸರು ಹೊಳೆಯದೆ, ಇತರೆ.

ಸಂಜೆಯೊಳಗೆ ಇತರೆ ತುಂಬಿ ತುಳುಕಿತು.
ಗಾಡಿಯ ಬುಟ್ಟಿಯಲ್ಲಿ ಒಂದೇ ಒಂದು ಆಟೋ,
ಅದಕ್ಕೂ ಮುಂದಿನ ಚಕ್ರವಿಲ್ಲ.
"ಬಸ್ಸೆಲ್ಲಿ?"
"ಬಸ್ಸು ಆನೆಯ ಮನೆ," ಎಂದಳು ಮೇದಿನಿ,
"ಆನೆ ಇತರೆಯಲ್ಲಿದೆ. ಮರಿಗೆ ಜ್ವರ."

ಸ್ಟೂಲು ಹತ್ತಿದ ರುದ್ರೇಶ ಲಾಫ್ಟಿನಿಂದ
ಮಿಕ್ಸಿಯ ಖಾಲಿ ಡಬ್ಬ, ಕೆಟ್ಟ ಫ್ಯಾನು,
ಅತ್ತೆ ಕೊಟ್ಟ ತಾಮ್ರದ ಹಂಡೆ ಇಳಿಸಿ
"ಜಾಗ ಆಯ್ತು, ಕೊಡು" ಅಂತ ಕೈ ಚಾಚಿದ.
ಕತ್ತಲಿಗೆ ಹೆದರುವವರನ್ನು ಮೇಲಿಡಬಾರದು ಎಂದು
ಅವಳು ಒಬ್ಬೊಬ್ಬರನ್ನೇ ಕೇಳುತ್ತ ಕೂತಳು.
ಎಲ್ಲರೂ ಹೆದರುತ್ತಾರಂತೆ.
ಹಂಡೆಯೊಂದೇ ಹೆದರುವುದಿಲ್ಲ.

ಇತರೆಯನ್ನು ಚಾಪೆಗೆ ಸುರಿದೆ, ಸಿಟ್ಟಿನಿಂದಲೇ.
ಪೆನ್ನಿನ ಕ್ಯಾಪು, ಹಾಲಿನ ಪಾಕೆಟ್ಟಿನ ಕತ್ತರಿಸಿದ ಮೂಲೆಗಳು,
ತೋಳಿಲ್ಲದ ಗೊಂಬೆ, ಗೊಂಬೆಯಿಲ್ಲದ ತೋಳು.
ನಡುವೆ, ಚನ್ನಪಟ್ಟಣದ ರಾಜನ ಬೋಳುತಲೆಯ ಮೇಲೆ,
ನಮ್ಮ ಕುಕ್ಕರಿನ ವೆಯ್ಟು.

ಯುಗಾದಿಯಿಂದ ಹುಡುಕಿದ್ದು.
ಕೆಲಸದ ನಾಗವೇಣಿಯನ್ನು ಎರಡು ಸಲ ಕೇಳಿದ್ದೆ,
ಎರಡನೇ ಸಲ ದನಿ ತುಸು ಗಟ್ಟಿಯಿತ್ತು.
ಆಮೇಲೆ ಮಾಗಡಿ ರಸ್ತೆಯಲ್ಲಿ ಹೊಸದು ಕೊಂಡಿದ್ದೆ.

"ಕಿರೀಟ ತೆಗೀಬೇಡಮ್ಮಾ."
ತೆಗೆಯಲಿಲ್ಲ.
ಮುಚ್ಚಳ ಹಾಕಿ ಬುಟ್ಟಿಯನ್ನು ಗೋಡೆಗೆ ಸರಿಸಿದೆ.

ನಾಳೆ ಏಳಕ್ಕೆ ನಾಗವೇಣಿ ಬರುತ್ತಾಳೆ.
ಅವಳಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದಾಗ
ಒಳಗೆ ಹೊಸ ವೆಯ್ಟು ಮೂರು ಸಲ ಕೂಗಿತು.
ನಾನಿನ್ನೂ
ಮೊದಲ ಮಾತಿನಲ್ಲೇ ಇದ್ದೆ.