ಹಸಿ ಬಣ್ಣ

ಸಾಗವಾನಿಗೆ ಬಣ್ಣ ಬಳೀತಾರೇನ ನೀಲವ್ವ,
ಪಾಲಿಶ್ ಮಾಡು, ಸಾಕು, ಅಂದ ಅಪ್ಪ.
ಅಷ್ಟರಾಗ ನಾನು ಡಬ್ಬಿ ತೆರೆದಾಗಿತ್ತು.

ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಬಡಿಗ್ಯಾರ ಮಾನಪ್ಪ
ಸೂಟಿ ದಿನ ಕುಂತು ಮಾಡಿಕೊಟ್ಟ ಕುರ್ಚಿ:
ಕುಂದ್ರಾಕ ಏಳು ಪಟ್ಟಿ, ಬೆನ್ನಿಗೆ ಐದು,
ತಲಿ ಆನಿಸಾಕ ಏರಿ ಇಳಿಯೋ ಹಲಗಿ.
ಬೆಟಗೇರಿ ಪ್ಯಾಟ್ಯಾಗ ನಲವತ್ತೊಂದು ವರ್ಷ
ಊರ ಗಂಡಸರ ಭಾರ ಹೊತ್ತು
ಅಪ್ಪನ ಮೊಣಕಾಲಿನ ಜತೀಗೇ
ಅಲುಗಾಡಾಕ ಹತ್ತಿತ್ತು.

ಈಗ ಆ ಖೋಲಿ ನನಗ.
ಬಾಗಿಲಿಗೆ ಪರದೆ, ಎರಡು ಕನ್ನಡಿ,
ಹೆಣ್ಣುಮಕ್ಕಳಿಗೆ ಮಾತ್ರ ಅನ್ನೋ ಬೋರ್ಡು.
ಹೊಸ ಕುರ್ಚಿಗೆ ಹದಿನಾಲ್ಕು ಸಾವಿರ ಅಂದ ಹುಬ್ಬಳ್ಳಿಯಾವ.
ಬಣ್ಣ, ಪ್ರೈಮರು, ಎರಡಿಂಚಿನ ಬ್ರಶ್ಶು, ಉಸುಕಿನ ಕಾಗದ
ಎಲ್ಲಾ ಸೇರಿ ಏಳುನೂರ ಎಂಬತ್ತು.

ಪಟ್ಟಿಗಳ ಸಂದ್ಯಾಗ ಸಿಕ್ಕ ಕೂದಲು,
ಕರಿ, ಬಿಳಿ, ಒಂದು ಗೋರಂಟಿ ಕೆಂಪು,
ಸೂಜಿಲೆ ಕೆದರಿ ತಗದೆ.
ತಲಿ ಆನಿಸೋ ಹಲಗಿ ಮಾತ್ರ ಬಣ್ಣ ಹಿಡೀಲಿಲ್ಲ.
ಹಚ್ಚಿದಂಗೆಲ್ಲ ಕಣ್ಣುಕಣ್ಣಾಗಿ ಸರಕೋತ ಹೋತು,
ಕೆಸುವಿನ ಎಲಿ ಮ್ಯಾಲಿನ ನೀರಿನ ಹಂಗ.

ಅಪ್ಪ ಬಂದು ಮೂಸಿದ.
ಎಣ್ಣಿ, ಅಂದ. ನಲವತ್ತು ವರ್ಷದ ಎಣ್ಣಿ.
ಇದು ಸೂಡಿ ಮಾಸ್ತರದು, ಬ್ರಾಹ್ಮಿ.
ಇದು ಮಗ್ಗದ ರಾಚಪ್ಪಂದು, ಅಗ್ಗದ ಕೊಬ್ಬರಿ.
ಈ ಸಾಸಿವಿ ವಾಸ್ನಿ ಯಾರದೋ, ನೆನಪಾಗವಲ್ದು,
ಯಾರೋ ಒಬ್ಬ ರೈಲಿನ್ಯಾವ.
ಸತ್ತವರದು, ಬದುಕಿದವರದು
ಕಟ್ಟಿಗಿಯೊಳಗ ಕೂಡಿ ಕುಂತಿತ್ತು.
ಸೋಡಾ ನೀರಿನಾಗ ತಿಕ್ಕಿದೆ. ಥಿನ್ನರ್ ಸುರಿದೆ.
ಮತ್ತ ತಿಕ್ಕಿದೆ.
ಮೂರನೇ ದಿನ ಹಲಗಿ
ಜಾವಳ ತಗದ ಕೂಸಿನ ತಲಿ ಹಂಗ ಬೋಳಾತು.

ಕೈ ಇಡೋ ಕಡೆ ಎರಡೂ ಬದಿ
ಕಟ್ಟಿಗಿ ಸವೆದು ಕುಳಿ ಬಿದ್ದಿತ್ತು.
ಕತ್ತಿ ಗಂಟಲಿಗೆ ಬಂದಾಗ
ಎಂಥಾ ಧೈರ್ಯದಾವನೂ ಅಲ್ಲೇ ಹಿಡೀತಿದ್ದ, ಅಂದ ಅಪ್ಪ.
ಗೌಡ್ರು ಉಳಿದವರಿಗಿಂತ ಗಟ್ಟಿ ಹಿಡೀತಿದ್ರು.
ತುಂಬಬೇಕಂತ ಪುಟ್ಟಿ ಕಲಸಿದ್ದೆ.
ತುಂಬಲಿಲ್ಲ.

ಸಣ್ಣಾಕಿದ್ದಾಗ ಬುತ್ತಿ ಒಯ್ದು
ಹೊಸ್ತಿಲ ಹೊರಗ ನಿಂತು ಕೊಡತಿದ್ದೆ.
ಹೆಣ್ಣುಹುಡುಗಿ ಒಳಗ ಬರೂ ಹಂಗಿರಲಿಲ್ಲ.
ನನಗ ಕಾಣತಿದ್ದದ್ದು ಕುರ್ಚಿಯ ಬೆನ್ನು,
ಅದರಾಚೆ ನಿಂತ ಅಪ್ಪ,
ಬಿಳೇ ಅರಿವಿ, ಯಾರದೋ ಕಿವಿ.
ಹಂಗಾಗಿ ಮೊದಲು ಬೆನ್ನಿಗೇ ಹಚ್ಚಿದೆ.
ಅಂಗಡಿಯ ಬಣ್ಣದ ಕಾರ್ಡಿನಾಗ
ಅದಕ್ಕ ಯಾವುದೋ ಸಮುದ್ರದ ಹೆಸರಿತ್ತು.
ಓಣಿಯ ಮಗ್ಗದ ಮಂದಿ ನೋಡಿ
ಇದು ನವಿಲುಗರಿ, ಅಂಚಿಗೆ ಹಾಕೋದು, ಅಂದ್ರು.

ಎರಡನೇ ಕೋಟು ಹೊಡೆದು ಅಂಗಳದಾಗ ಬಿಟ್ಟು
ಬ್ರಶ್ಶು ತೊಳಿಯಾಕ ಹಿತ್ತಲಿಗೆ ಹೋದೆ.
ಬಂದು ನೋಡತೀನಿ,
ಅಪ್ಪ ಕುಂತಾನ.
ಇಸ್ತ್ರಿ ಮಾಡಿದ ಬಿಳೇ ಧೋತರ ಉಟ್ಟು
ಕೈ ಎರಡೂ ಕುಳಿಗಳ ಮ್ಯಾಲ ಇಟ್ಟು
ತಲಿ ಹಿಂದಕ ಆನಿಸಿ
ಗಂಟಲು ಆಕಾಶಕ್ಕ ಕೊಟ್ಟು.

ಅಪ್ಪಾ, ಹಸಿ ಐತಿ!
ಏಳಲಿಲ್ಲ.
ಇದರಾಗ ಒಮ್ಮೆನೂ ಕುಂತಿರಲಿಲ್ಲವಾ, ಅಂದ.
ಗಿರಾಕಿ ಇಲ್ಲದಾಗ? ಅಂತ ಕೇಳಿದೆ.
ಗಿರಾಕಿ ಬಂದು ನೋಡಿದ್ರ? ಅಂದ.

ಒಂದೀಟು ಹೊತ್ತು ಸುಮ್ಮನಿದ್ದು, ನಕ್ಕ:
ಅಂದ್ರ ಇಷ್ಟು ವರ್ಷ ಎಲ್ಲಾರೂ
ನನ್ನ ಮೂಗಿನ ಹೊಳ್ಳಿ ನೋಡ್ಯಾರ, ನೋಡ.

ಎದ್ದಾಗ ಪಟ್ಟಿಗಳು ಚರ್ ಅಂತ ಬಿಟ್ಟವು.
ಅಂಗಿ ಬೆನ್ನಿಗೆ ಐದು ನೀಲಿ ಗೆರಿ,
ಧೋತರಕ್ಕ ಏಳು.
ಬದಲಸು ಅಂದೆ, ಥಿನ್ನರ್ ತಂದೆ.
ಹೊತ್ತಾತು ಅಂತ ಹೊಂಟೇ ಬಿಟ್ಟ.

ಕುರ್ಚಿಗೆ ಅವನ ಧೋತರದ ಎಳಿ ಹತ್ಯಾವ.
ಡಬ್ಬಿಯಾಗ ಇನ್ನೂ ಕಾಲು ಭಾಗ ಬಣ್ಣ ಐತಿ.
ಸೋಮವಾರ ಅಂಗಡಿ ತೆರೀಬೇಕು.

ಚಹಾದಂಗಡ್ಯಾಗ ಯಾರೋ ಅಂದ್ರಂತ,
ಫಕ್ಕೀರಪ್ಪಾ, ಹಿಂದ ಏನೋ ಹತ್ತೇತಲ್ಲೋ.
ಗೊತ್ತೈತಿ, ಅಂದನಂತ.
ಇನ್ನೊಂದು ಕಪ್ಪು ಹೇಳಿದನಂತ,
ಕುಂತು.