ತೊಟ್ಟು

ಲೋಕಾಪುರದ ಆಚೆ ಕ್ವಾರಿಯಲ್ಲಿ ಆವತ್ತು
ಯಮನೂರಸಾಬನ ಡ್ರಿಲ್ಲು ಒಮ್ಮೆಲೇ ಹಗುರಾಯಿತು,
ಕತ್ತಲಲ್ಲಿ ಮೆಟ್ಟಿಲು ಮುಗಿದ ಮೇಲೂ
ಕಾಲು ಇನ್ನೊಂದನ್ನು ಹುಡುಕುವ ಹಾಗೆ.
ತೂತಿನಿಂದ ಗಾಳಿ ಬಂತು, ತಣ್ಣಗೆ,
ಹೊಸ ಗಡಿಗೆಗೆ ಮೊದಲ ನೀರು ಹೊಯ್ದ ವಾಸನೆ.
"ಟೊಳ್ಳೈತಿ" ಎಂದ.
ಟೊಳ್ಳೆಂದರೆ ನಷ್ಟ; ಮದ್ದಿನ ಬಲ ಅಲ್ಲೇ ಸೋರಿಹೋಗುತ್ತದೆ.

ನಾನು ತೂಕದ ಚೀಟಿ ಬರೆಯುವವಳು.
ಬರುವಾಗಿನ ಲಾರಿ, ಹೋಗುವಾಗಿನ ಲಾರಿ;
ನಡುವಿನ ವ್ಯತ್ಯಾಸಕ್ಕೆ ಕಲ್ಲು ಎಂದು ಹೆಸರು.
ಬಂಡೆ ಸರಿಸಿದ ಸಂಜೆ ಅವನ ಬ್ಯಾಟರಿಯ ಹಿಂದೆ
ಸೀರೆ ಎತ್ತಿ ಕಚ್ಚೆ ಹಾಕಿ, ತೆವಳಿ ಇಳಿದೆ.

ನಮ್ಮ ದನದ ಕೊಟ್ಟಿಗೆಯಷ್ಟು ಕೋಣೆ.
ಮಾಳಿಗೆಯ ತುಂಬ ತೊಟ್ಟುಗಳು,
ಗೋದಿಹುಲ್ಲಿನ ಕಡ್ಡಿಯಷ್ಟು ಸಪೂರ, ಬೆಳ್ಳಗೆ, ಒಳಗೆ ಪೊಳ್ಳು.
ಒಂದೊಂದರ ತುದಿಗೂ ಒಂದೊಂದು ತೊಟ್ಟು ನೀರು,
ಬೀಳಲೋ ಬೇಡವೋ ಎಂದು.
(ಎರಡಕ್ಕೂ ಒಂದೇ ಹೆಸರಿಟ್ಟವರು
ಇಂಥದ್ದನ್ನು ಎಲ್ಲೋ ಕಂಡಿರಬೇಕು.)

ಮೇಲೆ ಕಬ್ಬಿನ ಹೊಲ. ಮಳೆ ಇಳಿಯುವಾಗ
ಬೇರುಗಳ ಉಸಿರು ಕುಡಿದು ಚೂರು ಹುಳಿಯಾಗುತ್ತದೆ,
ಹುಳಿಯಾದ ನೀರಿಗೆ ಕಳ್ಳತನ ಬರುತ್ತದೆ.
ಬಿರುಕು ಬಿರುಕು ನೆಕ್ಕಿ, ಸುಣ್ಣದ ಕಲ್ಲನ್ನು
ಯಾರಿಗೂ ಕಾಣದ ಹಾಗೆ ಮಡಿಲಲ್ಲಿ ಕಟ್ಟಿಕೊಂಡು
ಇಲ್ಲಿಯವರೆಗೆ ಬಂದು
ಈ ಬಯಲಲ್ಲಿ ಉಸಿರು ಬಿಡುತ್ತದೆ.
ಬಿಟ್ಟದ್ದೇ ತಡ, ಮಡಿಲು ಸಡಿಲ.
ಉಗುರಿನ ಸಿಪ್ಪೆಗಿಂತ ತೆಳ್ಳಗಿನ ಒಂದು ಬಳೆ
ತುದಿಯಲ್ಲಿ ಉಳಿಯುತ್ತದೆ. ಹನಿ ಹೋಗುತ್ತದೆ.

"ಇದು ಎಷ್ಟ ವರ್ಷದ್ದಕ್ಕಾ?"
ಬೆರಳುದ್ದಕ್ಕೆ ಏಳೆಂಟು ನೂರು ಇರಬಹುದು ಎಂದೆ.
ಅವನು ಸೊಂಟದ ಬಲಗಡೆ ಒತ್ತಿಕೊಂಡು ನಕ್ಕ.
ಬಾಗಲಕೋಟೆಯ ಡಾಕ್ಟರು ಫಿಲ್ಮು ಹಿಡಿದು ತೋರಿಸಿದ್ದರು:
ಹರಳು, ಆರು ಮಿಲಿಮೀಟರ್.
"ನಂದು ಬರೇ ಎರಡ ವರ್ಷದ್ದ.
ಇದಕ್ಕಿಂತ ನಾನ ಜೋರ ಅದೀನಿ."

ನಮ್ಮಜ್ಜಿ ದುರಗವ್ವ ಸುಣ್ಣದ ಭಟ್ಟಿ ಹಾಕುತ್ತಿದ್ದಳು,
ಇದೇ ಕಲ್ಲು, ಜಾಲಿಯ ಕಟ್ಟಿಗೆ, ಮೂರು ರಾತ್ರಿ.
ಬೆಂಕಿಗೆ ಕಲ್ಲಿನ ಉಸಿರು ಹಾರಿಹೋಗಿ
ತೂಕ ಅರ್ಧದ ಹತ್ತಿರಕ್ಕೆ ಇಳಿಯುತ್ತಿತ್ತು.
"ಸುಣ್ಣ ಸಾಯಂಗಿಲ್ಲ ಮಗಳ, ಉಸಿರು ಬಿಟ್ಟಿರತೈತಿ ಅಷ್ಟ.
ಗ್ವಾಡಿಗೆ ಬಳಿ, ಸಾವಕಾಶ ವಾಪಸ್ ತಗೋತೈತಿ."
ಬಳಿದ ಗೋಡೆ ಮತ್ತೆ ಕಲ್ಲಾಗುವುದನ್ನು
ಅದಕ್ಕೇ ಬೆನ್ನು ಒರಗಿಸಿ ಕಾಯುತ್ತಿದ್ದಳು,
ಬಾಯಲ್ಲಿ ಎಲೆ, ಎಲೆಯಲ್ಲಿ ಮತ್ತದೇ ಸುಣ್ಣ.

ಸೋಮವಾರ ಎರಡು ಗಂಟೆಗೆ ಸೈರನ್ ಕೂಗಿತು.
ಹದಿನೇಳು ಲಾರಿ.
ಚೀಟಿಯಲ್ಲಿ ಟೊಳ್ಳಿಗೆ ಕಾಲಂ ಇರಲಿಲ್ಲ.

ಆಮೇಲೊಂದು ದಿನ ಕಾಲುವೆಯ ಸೇತುವೆ ಕೆಳಗೆ
ಮಳೆ ನಿಲ್ಲಲೆಂದು ಇಬ್ಬರೂ ನಿಂತಾಗ
ಅವನು ಬೆರಳು ಮಾಡಿ ತೋರಿಸಿದ:
ಸಿಮೆಂಟಿನ ಬಿರುಕಿನಿಂದ, ಅದೇ ಬಿಳುಪು, ಅದೇ ಪೊಳ್ಳು,
ಗೇಣುದ್ದ. ಸೇತುವೆಗೆ ಇನ್ನೂ ಹನ್ನೆರಡು ವರ್ಷ.
ತುದಿಯಲ್ಲಿ ಹನಿ.
ಬೀಳುತ್ತದೆಂದು ಅಂಗೈ ಒಡ್ಡಿದೆ.
ಮುಧೋಳದ ಬಸ್ಸು ಬಂದು ಹಾರ್ನ್ ಹೊಡೆಯಿತು.
ಇನ್ನೂ ಬಿದ್ದಿರಲಿಲ್ಲ.