ಹಿತ್ತಲ ಕಡೆ

ಸುಗ್ಗಿ ಕಾಣಿಕೆಯ ಹಿಂದಿನ ದಿನ
ಅಪ್ಪ ಕುಂಟ ಹೋತದ ಮೈ ತಿಕ್ಕಿ ತಿಕ್ಕಿ ತೊಳೆದ.
ಕೊಂಬಿಗೆ ಅರಿಶಿನ ನಮ್ಮವರಲ್ಲಿಲ್ಲ;
ನನ್ನ ಜಡೆಯ ರಿಬ್ಬನ್ ಬಿಚ್ಚಿ ಕಟ್ಟಿದ.

ಮಾತು ಕೊಟ್ಟದ್ದು ಇದನ್ನಲ್ಲ.
ನನಗೆ ಟೈಫಾಯಿಡ್ ಏರಿದ ರಾತ್ರಿ
ಬೀದರ ದವಾಖಾನಿಯ ವರಾಂಡದಲ್ಲಿ ಮೊಣಕಾಲೂರಿ
ಕರಿ ಹೋತ ನಿನ್ನದು ಅಂದಿದ್ದ.
ಈಗ ಹುಮನಾಬಾದಿನ ದಲಾಲ
ಬಕ್ರೀದಿಗೆ ಅದಕ್ಕೆ ಹನ್ನೆರಡು ಸಾವಿರ ಹೇಳಿ ಹೋಗಿದ್ದ.

"ದೇವರೇನು ತೂಕ ಹಾಕಿ ನೋಡ್ತಾನೇನು?" ಅಂದ ಅಪ್ಪ.
ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ.

ಭಾನುವಾರ ಪಾಳಕರು ತೆಗೆದದ್ದು ಸೌಲನ ಕಥೆ:
ಒಂದನ್ನೂ ಉಳಿಸಬೇಡ ಅಂದರೆ
ಕೊಬ್ಬಿದ್ದನ್ನೆಲ್ಲ ಉಳಿಸಿಕೊಂಡು,
ಹೇಳಿದ್ದೆಲ್ಲ ಮಾಡಿದೆನೆಂದು
ಮುದಿ ಪ್ರವಾದಿಯ ಎದುರು ನಿಂತ ಅರಸ.
ಅವನ ಬೆನ್ನ ಹಿಂದೆ ಕುರಿಗಳ ದನಿ.

ಚಿಟಗುಪ್ಪದಲ್ಲಿ ಚರ್ಚಿಗೂ ನಮ್ಮ ಹಿತ್ತಲಿಗೂ
ನಡುವೆ ಕೆಂಪುಕಲ್ಲಿನ ಒಂದೇ ಗೋಡೆ.
ಕರಿ ಹೋತ ಕೂಗಿತು.
ಯಾರೋ ಕಿಸಕ್ಕೆಂದರು. ಅಪ್ಪ ಕೆಮ್ಮಿದ.
ಮತ್ತೆ ಕೂಗಿತು.

ಆಕಾಶವೇನೂ ಬೀಳಲಿಲ್ಲ.
ಸಿಂಹಾಸನವೇ ಇರದವನಿಂದ ಕಿತ್ತುಕೊಳ್ಳುವುದೇನು?
ತೊಗರಿ ಆ ವರ್ಷ ಚಲೋ ಬಂತು,
ಬಕ್ರೀದಿನ ರೊಕ್ಕದಲ್ಲಿ ಮನೆಗೆ ಹೊಸ ತಗಡು.
ಅಪ್ಪ ಮಾತ್ರ ಅಂದಿನಿಂದ
ಆಮೆನ್ ಅನ್ನಲು ಎಲ್ಲರಿಗಿಂತ ಮೊದಲು ಅವಸರಿಸುತ್ತಿದ್ದ,
ತಡವಾದರೆ ಮತ್ತೇನೋ ಕೂಗೀತೆಂಬಂತೆ.

ನಾನು ಬದುಕಿದೆ.
ತೀರದ ಬಾಕಿಯೊಂದು ಎರಡು ಜಡೆ ಹಾಕಿಕೊಂಡು
ಶಾಲೆಗೆ ಹೋಯಿತು, ಲಗ್ನವಾಯಿತು, ಹಡೆಯಿತು.

ಈಗಲೂ
"ಎಲ್ಲ ಕೊಟ್ಟಾಯ್ತು, ಸ್ವಾಮಿ" ಅನ್ನುವ ಮುನ್ನ
ಒಂದು ಗಳಿಗೆ ಸುಮ್ಮನಾಗಿ
ಕಿವಿಗೊಡುತ್ತೇನೆ
ಹಿತ್ತಲ ಕಡೆ.